‘ಬರ್ತೀನಿ’ ಅನ್ನದೆ ಹೊರಡುವುದು ಹೇಗೆ: ಪರದೇಶದ ಸೇವೆ ಮುಗಿಸಿ ಬರುವವರಿಗೆ

ನಮ್ಮ ಹರಿಹರದ ಮನೆಯಲ್ಲಿ ‘ಹೋಗ್ತೀನಿ’ ಅನ್ನುವ ಹಾಗೇ ಇರಲಿಲ್ಲ. ದಾವಣಗೆರೆ ಎಷ್ಟು ದೂರ? 14 ಕಿಲೋಮೀಟರ್. ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ವಾಪಸ್. ಅದಕ್ಕೂ ‘ಹೋಗಿ ಬರ್ತೀನವ್ವ’ ಅನ್ನಬೇಕು. ಬಾಯಿ ತಪ್ಪಿ ‘ಹೋಗ್ತೀನಿ’ ಅಂದರೆ ಅವ್ವ ರೊಟ್ಟಿ ತಟ್ಟುವುದು ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ‘ಬಿಡ್ತು ಅನ್ನು. ಹೋಗಿ ಬರ್ತೀನಿ ಅನ್ನು’ ಅಂತ ಹೇಳಿಸಿಯೇ ಕಳಿಸುತ್ತಿದ್ದಳು. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ?

ಆ ಮಾತನ್ನೇ ನಾನು ಕೀನ್ಯಾದಲ್ಲಿ ಒಂದು ಮಗುವಿಗೆ ಹೇಳಿದೆ. ಅದರಿಂದ ಆದದ್ದನ್ನು ಸರಿ ಮಾಡೋಕೆ ನನಗೆ ಒಂಬತ್ತು ವರ್ಷ ಬೇಕಾಯಿತು.

ನಾನು ಧರ್ಮಭಗಿನಿ. ಕಲಿತದ್ದು ನರ್ಸಿಂಗ್. 2011ರ ಜನವರಿಯಲ್ಲಿ ನಮ್ಮ ಸಭೆಯವರು ನನ್ನನ್ನು ಕೀನ್ಯಾಕ್ಕೆ ಕಳಿಸಿದರು. ಮೊದಲ ಮೂರು ವರ್ಷ ಒಂದು ಸಣ್ಣ ಊರಿನ ದವಾಖಾನೆ. ಅಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಬಿಸಿ ನೀರು ಬಿದ್ದು ಕಾಲು ಸುಟ್ಟುಕೊಂಡು ಬಂದಿದ್ದಳು. ತಿಂಗಳುಗಟ್ಟಲೆ ನಾನೇ ಡ್ರೆಸಿಂಗ್ ಮಾಡಿದೆ. ಅವಳಿಗೆ ಇದ್ದದ್ದು ಅಜ್ಜಿ ಒಬ್ಬಳೇ. 2014ರಲ್ಲಿ ನನಗೆ ಕಿಟುಯಿ ಕಡೆಗೆ ವರ್ಗವಾಯಿತು. ಹೊರಡುವ ದಿನ ಆ ಹುಡುಗಿ ಗೇಟಿನ ಹತ್ತಿರ ನಿಂತಿದ್ದಳು. ನಾನು ಅವಳ ತಲೆ ಸವರಿ ‘ನಿತಾರುದಿ’ ಅಂದೆ. ಸ್ವಾಹಿಲಿಯಲ್ಲಿ ಹಾಗಂದರೆ ‘ವಾಪಸ್ ಬರುತ್ತೇನೆ’ ಅಂತ.

ನನ್ನ ಮನಸ್ಸಿನಲ್ಲಿ ಅದು ನಮ್ಮ ‘ಬರ್ತೀನಿ’. ನಮ್ಮಲ್ಲಿ ಆ ಮಾತು ಕೇಳಿ ಯಾರೂ ದಿನ ಎಣಿಸುವುದಿಲ್ಲ. ಅಲ್ಲಿ ಹಾಗಲ್ಲ. ನಿತಾರುದಿ ಅಂದರೆ ಬರುತ್ತೇನೆ ಅಂತಲೇ ಅರ್ಥ. ಎರಡು ವರ್ಷ ಆದಮೇಲೆ ನೈರೋಬಿಯಲ್ಲಿ ಆ ದವಾಖಾನೆಯ ಅಡುಗೆಯಾಕೆ ಸಿಕ್ಕಳು. ಶುಕ್ರವಾರ ಔಷಧಿ ಗಾಡಿ ಬರುವ ದಿನ. ಪ್ರತಿ ಶುಕ್ರವಾರ ಆ ಹುಡುಗಿ ಅಜ್ಜಿಯ ಮೂರು ಕಾಲಿನ ಮಣೆ ತಂದು ಗೇಟಿನ ಹತ್ತಿರ ಹಾಕಿಕೊಂಡು ಕೂರುತ್ತಿದ್ದಳಂತೆ. ಹತ್ತಿರ ಹತ್ತಿರ ಒಂದು ವರ್ಷ. ಆಮೇಲೆ ಬರುವುದು ಬಿಟ್ಟಳಂತೆ.

ಅಡುಗೆಯಾಕೆ ಇದನ್ನು ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

2023ರ ಡಿಸೆಂಬರಿನಲ್ಲಿ ಪೂರ್ತಿಯಾಗಿ ಊರಿಗೆ ಹೊರಡುವಾಗ ನಾನು ಬೇರೆ ರೀತಿ ಹೊರಟೆ. ಹರಿಹರ, ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಹೊರದೇಶಕ್ಕೆ ಹೋದ ಸಿಸ್ಟರುಗಳು, ಫಾದರುಗಳು ಇದ್ದಾರೆ. ಸೇವೆ ಮುಗಿಯುವ ಹೊತ್ತಿಗೆ ಕೆಲವರು ಫೋನ್ ಮಾಡಿ ಕೇಳುತ್ತಾರೆ: ‘ಅಕ್ಕ, ಹೇಗೆ ಹೇಳೋದು? ಸುಮ್ನೆ ಬಂದುಬಿಡಲಾ?’ ಸುಮ್ಮನೆ ಬರಬೇಡಿ. ನಾನು ಮಾಡಿದ್ದನ್ನು ಬರೆಯುತ್ತೇನೆ. ನಿಮ್ಮ ದೇಶ ಬೇರೆ ಇರಬಹುದು, ಭಾಷೆ ಬೇರೆ ಇರಬಹುದು. ಅದಕ್ಕೆ ಹೊಂದಿಸಿಕೊಳ್ಳಿ.

ಕಾಗದ ಬಂದ ದಿನದಿಂದ

ವರ್ಗದ ಕಾಗದ ಬಂದ ಮೇಲೆ ಕನಿಷ್ಠ ಆರು ತಿಂಗಳು ಸಮಯ ಕೇಳಿ. ಕೇಳೋಕೆ ಸಂಕೋಚ ಬೇಡ. ವಿಧೇಯತೆ ಅಂದರೆ ಮಾರನೇ ದಿನವೇ ಪೆಟ್ಟಿಗೆ ಕಟ್ಟುವುದು ಅಂತ ಅಲ್ಲ. ನಮ್ಮ ಪ್ರೊವಿನ್ಶಿಯಲ್ ಮದರ್‌ಗೆ ಕಾರಣ ಬಿಡಿಸಿ ಬರೆದೆ. ಅವರು ಒಪ್ಪಿದರು.

ಆರು ತಿಂಗಳು ಅಂತ ನಾನು ಹೇಳೋದಕ್ಕೆ ಲೆಕ್ಕ ಇದೆ. ಸಾಮಾನ್ಯ ಕ್ಷಯಕ್ಕೆ ಮಾತ್ರೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲಿನ ನಾಲ್ಕು ತಿಂಗಳು ಎರಡು. ಮಧ್ಯದಲ್ಲಿ ಬಿಟ್ಟರೆ ರೋಗ ಇನ್ನೂ ಗಟ್ಟಿಯಾಗಿ ತಿರುಗಿ ಬರುತ್ತದೆ. ಕಾಗದ ಬಂದ ವಾರ ಮಾತ್ರೆ ಶುರು ಮಾಡಿದವರ ಕೋರ್ಸ್ ಮುಗಿಯುವವರೆಗೂ ನಾನು ಇರುತ್ತೇನೆ ಅಂತ ಆಯಿತು. ಆಮೇಲೆ ಬಂದವರನ್ನು ಮೊದಲ ದಿನದಿಂದಲೇ ಅಲ್ಲಿನ ನರ್ಸ್ ಕೈಗೆ ಕೊಟ್ಟೆ. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ, ಮಾತಾಡುವವಳು ಅವಳು. ಬಸುರಿಯರಿಗೂ ಹೀಗೇ. ಯಾರಿಗೆ ನಾನು ಹೊರಟ ಮೇಲೆ ದಿನ ತುಂಬುತ್ತೋ ಅವರ ಪಟ್ಟಿ ಮಾಡಿದೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ‘ಹೆರಿಗೆಗೆ ನಾನು ಇರೋದಿಲ್ಲ, ಇವಳು ಇರ್ತಾಳೆ’ ಅಂತ ಹೇಳಿ ಆ ನರ್ಸಿನ ಕೈ ಹಿಡಿಸಿದೆ. ಒಬ್ಬಾಕೆ ಎರಡು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಳು. ಬಿಡಲಿ. ಹೆರಿಗೆ ನೋವಿನ ರಾತ್ರಿ ಬಂದು ನಾನು ಇಲ್ಲ ಅಂತ ತಿಳಿಯುವುದಕ್ಕಿಂತ ಅದು ಒಳ್ಳೆಯದು.

ಶಾಲೆಯಲ್ಲಿ ಕೆಲಸ ಮಾಡುವವರು ಅಲ್ಲಿನ ಶಾಲೆಯ ಲೆಕ್ಕ ನೋಡಿಕೊಳ್ಳಿ. ಕೀನ್ಯಾದಲ್ಲಿ ವರ್ಷ ಜನವರಿಗೆ ಶುರುವಾಗುತ್ತದೆ, ನಮ್ಮ ಹಾಗೆ ಜೂನಿಗೆ ಅಲ್ಲ. ನಮ್ಮ ಏಪ್ರಿಲ್-ಮೇ ನೋಡಿಕೊಂಡು ಟಿಕೆಟ್ ಮಾಡಿಸಿದರೆ ಅಲ್ಲಿ ನಡು ವರ್ಷದಲ್ಲಿ ಮಕ್ಕಳನ್ನು ಬಿಟ್ಟು ಬಂದ ಹಾಗೆ ಆಗುತ್ತದೆ.

ಹೇಳುವ ಕ್ರಮ ಬಹಳ ಮುಖ್ಯ. ಮೊದಲು ಜೊತೆಯ ಸಿಸ್ಟರುಗಳು, ಫಾದರ್. ಆಮೇಲೆ ಜೊತೆಗೆ ಕೆಲಸ ಮಾಡುವವರು: ನರ್ಸ್, ಕಾವಲುಗಾರ, ಅಡುಗೆಯಾಕೆ. ಆಮೇಲೆ ಜುಮುಯಾ. ಹತ್ತಿಪ್ಪತ್ತು ಮನೆಯವರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದುವ ಗುಂಪಿಗೆ ಅಲ್ಲಿ ಜುಮುಯಾ ಅನ್ನುತ್ತಾರೆ. ಕೊನೆಗೆ ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರಿಗೂ. ಇದೆಲ್ಲ ಎಂಟು ದಿನದೊಳಗೆ ಆಗಿಬಿಡಬೇಕು. ಜಾಸ್ತಿ ದಿನ ಎಳೆದರೆ ಸುದ್ದಿ ನಿಮಗಿಂತ ಮುಂಚೆ ಊರು ಸುತ್ತುತ್ತದೆ. ‘ನನಗೆ ಯಾಕೆ ಹೇಳಲಿಲ್ಲ’ ಅನ್ನುವ ನೋವು ಹೊರಡುವ ನೋವಿಗಿಂತ ಜಾಸ್ತಿ ದಿನ ಉಳಿಯುತ್ತದೆ. ನಾನು ಕಾವಲುಗಾರನಿಗೆ ಹೇಳುವುದನ್ನು ಎರಡು ದಿನ ತಡ ಮಾಡಿದೆ. ಮುಂಚಿನಿಂದ ನಮ್ಮ ಗೇಟು ಕಾದವನು ಅವನು. ಆ ಎರಡು ದಿನದಲ್ಲಿ ಅವನಿಗೆ ಬೇರೆಯವರಿಂದ ತಿಳಿಯಿತು. ಅವನ ಮುಖ ನನಗೆ ಈಗಲೂ ನೆನಪಿದೆ.

ಯಾವ ಮಾತು ಆಡಬೇಕು

ಅಲ್ಲಿನ ಬೀಳ್ಕೊಡುವ ಮಾತುಗಳನ್ನು ಒಂದೊಂದಾಗಿ ಕೂತು ಕಲಿಯಿರಿ. ನಿಮ್ಮ ಭಾಷೆಯ ಮಾತನ್ನು ಹಾಗೇ ತಿರುಗಿಸಿ ಹೇಳಬೇಡಿ. ನಾನು ಸೋತದ್ದು ಅಲ್ಲೇ.

ಸ್ವಾಹಿಲಿಯಲ್ಲಿ ‘ಕ್ವಾಹೆರಿ’ ಅಂದರೆ ಹೋಗಿ ಬರುವ ಮಾತಲ್ಲ. ‘ಹೆರಿ’ ಅಂದರೆ ಶುಭ, ಧನ್ಯತೆ. ಯೇಸುಸ್ವಾಮಿ ಬೆಟ್ಟದ ಮೇಲೆ ‘ಧನ್ಯರು’ ಅಂತ ಶುರು ಮಾಡಿ ಹೇಳಿದ ಮಾತುಗಳು ಸ್ವಾಹಿಲಿ ಬೈಬಲಿನಲ್ಲಿ ‘ಹೆರಿ’ ಅಂತಲೇ ಶುರುವಾಗುತ್ತವೆ. ಕ್ವಾಹೆರಿ ಅಂದರೆ ‘ಒಳ್ಳೆಯದರ ಜೊತೆ ಇರಿ’ ಅಂದ ಹಾಗೆ. ಯಾವ ಭರವಸೆಯನ್ನೂ ಕೊಡದೆ ಆಡಬಹುದಾದ ಮಾತು. ತುಂಬ ಜನ ಇದ್ದರೆ ‘ಕ್ವಾಹೆರಿನಿ’.

‘ತುತಾವೊನಾನಾ’ ಅಂದರೆ ಮತ್ತೆ ಸಿಗೋಣ. ಇದನ್ನು ಒಂಟಿಯಾಗಿ ಹೇಳಬೇಡಿ. ಪಕ್ಕದಲ್ಲಿ ‘ಮುಂಗು ಅಕಿಪೆಂದಾ’ ಸೇರಿಸಿ. ದೇವರು ಮನಸ್ಸು ಮಾಡಿದರೆ ಅಂತ. ಅಲ್ಲಿಯವರೂ ಹೀಗೇ ಹೇಳುತ್ತಾರೆ.

ವಿದಾಯ ಹೇಳುವುದಕ್ಕೆ ‘ಕುಆಗಾ’ ಅನ್ನುತ್ತಾರೆ. ಯಾರಾದರೂ ತೀರಿಕೊಂಡರೆ ‘ಲೋಕಕ್ಕೆ ಕುಆಗಾ ಮಾಡಿದರು’ ಅನ್ನುವುದೂ ಇದೇ ಮಾತಿನಿಂದ. ಅಷ್ಟು ತೂಕದ ಮಾತು. ಹೇಳದೆ ಹೋದವನನ್ನು ಅಲ್ಲಿ ಸುಲಭವಾಗಿ ಮರೆಯುವುದಿಲ್ಲ.

ಇನ್ನು ‘ನಿತಾರುದಿ’. ನಿಜವಾಗಿ ಟಿಕೆಟ್ ಕೈಯಲ್ಲಿದ್ದರೆ ಮಾತ್ರ ಹೇಳಿ. ಕಿಟುಯಿಯಲ್ಲಿ ಕಂಬಾ ಜನ ಜಾಸ್ತಿ. ಅವರಲ್ಲಿ ಮುಸ್ಯೋಕಾ ಅನ್ನುವ ಹೆಸರು ಊರು ತುಂಬ ಇದೆ. ಮರಳಿ ಬರುವವನು ಅಂತ ಅದರ ಅರ್ಥ. ಮಗನಿಗೆ ಹೆಸರಾಗಿ ಇಡುವಷ್ಟು ದೊಡ್ಡ ಮಾತು ಅವರಿಗೆ ಅದು. ಬಾಯಿಮಾತಿಗೆ ಬಳಸುವಂಥದ್ದಲ್ಲ.

ಮಕ್ಕಳು ನೇರವಾಗಿ ಕೇಳುತ್ತಾರೆ: ‘ಮತ್ತೆ ಯಾವಾಗ ಬರ್ತೀಯ?’ ಆಗ ಗಂಟಲು ಕಟ್ಟುತ್ತದೆ. ಆಗಲೇ ಸುಳ್ಳು ಬರೋದು. ಉತ್ತರವನ್ನು ಮೊದಲೇ ತಯಾರು ಮಾಡಿಕೊಳ್ಳಿ. ನಾನು ಹೇಳುತ್ತಿದ್ದದ್ದು ಇಷ್ಟು: ‘ನನ್ನನ್ನು ನಮ್ಮ ದೇಶದಲ್ಲಿ ಕೆಲಸಕ್ಕೆ ಕರೆದಿದ್ದಾರೆ. ನಾನು ವಾಪಸ್ ಬರೋದಿಲ್ಲ. ನಿನ್ನ ಹೆಸರು ದಿನಾ ಪ್ರಾರ್ಥನೆಯಲ್ಲಿ ಹೇಳ್ತೀನಿ.’ ಕೊನೆಯ ಮಾತು ನಿಜವಾಗಿ ಮಾಡುವಂತಿದ್ದರೆ ಮಾತ್ರ ಹೇಳಿ. ನನ್ನ ಹೆಸರು ಇಟ್ಟುಕೊಂಡ ಹೆಣ್ಣುಮಕ್ಕಳು ಅಲ್ಲಿ ಐದು ಜನ ಇದ್ದಾರೆ. ಐದೂ ನನ್ನ ಕೈಯಲ್ಲೇ ಹುಟ್ಟಿದವು. ಅವರಲ್ಲಿ ದೊಡ್ಡವಳಿಗೆ ಆಗ ಎಂಟು ವರ್ಷ. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಇನ್ನು ಈ ಹೆಸರಿನವಳು ಇಲ್ಲಿ ನಾನೇ’ ಅಂದಳು. ಹೌದು ಅಂದೆ.

ತಪ್ಪು ಒಪ್ಪು

ನಮ್ಮ ಕಡೆ ಹಿರಿಯರು ಊರು ಬಿಡುವಾಗ ‘ಏನಾದರೂ ತಪ್ಪು ಒಪ್ಪು ಇದ್ರೆ ಹೊಟ್ಟೆಗೆ ಹಾಕ್ಕೊಳ್ಳಿ’ ಅನ್ನುತ್ತಾರೆ. ಎಲ್ಲರ ಮುಂದೆ ಒಂದೇ ಸಲ ಹೀಗೆ ಹೇಳುವುದು ಸುಲಭ. ಆದರೆ ಯಾರಿಗೆ ನೋವು ಮಾಡಿದ್ದೀರಿ ಅಂತ ನಿಮಗೆ ಗೊತ್ತಿರುತ್ತದೆ. ಅವರ ಮನೆಗೆ ಹೋಗಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ಏಳು ಹೆಸರು ಬರೆದುಕೊಂಡೆ. ಔಷಧಿ ಕದ್ದಳು ಅಂತ ತಪ್ಪಾಗಿ ತಿಳಿದು ನಾನು ಬೈದ ಸಹಾಯಕಿ. ಮಾತಿಗೆ ಮಾತು ಬೆಳೆದು ಎರಡು ವರ್ಷ ಪೂಜೆಗೆ ಬರದ ಒಬ್ಬ ಹಿರಿಯ. ಹೀಗೆ. ಏಳರಲ್ಲಿ ಆರು ಮನೆಯಲ್ಲಿ ಚಹಾ ಕೊಟ್ಟರು. ಏಳನೆಯ ಮನೆಯಲ್ಲಿ ಬಾಗಿಲು ತೆಗೆಯಲಿಲ್ಲ. ಅವರಿಗೆ ಆ ಹಕ್ಕಿದೆ. ನಿಂತು, ಪ್ರಾರ್ಥನೆ ಮಾಡಿ ಬಂದೆ.

ನೋಟ್‌ಬುಕ್ಕಿನಲ್ಲಿ ಮೊದಲ ಹೆಸರು ಆ ಹುಡುಗಿಯದು. ಹಿಂದೆ ಸರಿಯಾಗಿ ಹೇಳದೆ ಬಂದ ಊರು ಇದ್ದರೆ ಅಲ್ಲಿಗೆ ಹೋಗಿ ಬನ್ನಿ. ಇದು ನಾನು ಕೊಡುವ ಸಲಹೆಗಳಲ್ಲಿ ಅತಿ ಕಷ್ಟದ್ದು. ಬಿಡಬೇಡಿ.

ಅಕ್ಟೋಬರಿನಲ್ಲಿ ಹೋದೆ. ಎರಡು ಮಟಾಟು ಬದಲಿಸಿ, ಕೊನೆಗೆ ಬೋಡಾ ಬೋಡಾದ ಹಿಂದೆ ಕೂತು. ಮಟಾಟು ಅಂದರೆ ನಮ್ಮ ಟೆಂಪೊ ಹಾಗೆ ಜನ ತುಂಬಿಕೊಂಡು ಓಡುವ ವ್ಯಾನ್. ಬೋಡಾ ಬೋಡಾ ಅಂದರೆ ಬಾಡಿಗೆ ಬೈಕ್. ಅಜ್ಜಿ ಇನ್ನೂ ಇದ್ದಳು, ಕಣ್ಣು ಮಾತ್ರ ಮಂಜಾಗಿತ್ತು. ಹುಡುಗಿಗೆ ಹದಿನೈದು. ನನಗಿಂತ ಎತ್ತರ. ಅವಳು ನನ್ನನ್ನು ನೋಡಿ ಒಳಗೆ ಹೋದಳು. ಮೂರು ಕಾಲಿನ ಮಣೆ ತಂದು ಹಾಕಿದಳು. ‘ಉಮೆರುದಿ’ ಅಂದಳು. ನೀನು ವಾಪಸ್ ಬಂದೆ ಅಂತ.

‘ಬಂದೆ. ಆದರೆ ಹೇಳಿ ಹೋಗೋಕೆ ಬಂದೆ. ಅವತ್ತು ಬರ್ತೀನಿ ಅಂದದ್ದು ತಪ್ಪು. ನೀನು ಕಾದೆ ಅಂತ ಆಮೇಲೆ ಗೊತ್ತಾಯಿತು. ಕ್ಷಮಿಸು’ ಅಂದೆ. ಅವಳು ಏನೂ ಹೇಳಲಿಲ್ಲ. ಕಾಲು ಮುಂದೆ ಚಾಚಿ ಸುಟ್ಟ ಗಾಯದ ಕಲೆ ತೋರಿಸಿದಳು. ಚೆನ್ನಾಗಿ ಮಾಗಿತ್ತು. ಅಜ್ಜಿ ಉಜಿ ಕಾಸಿ ಕೊಟ್ಟಳು. ಅದು ರಾಗಿ ಗಂಜಿ. ರಾಗಿಗೆ ಅಲ್ಲಿ ವಿಂಬಿ ಅನ್ನುತ್ತಾರೆ. ರಾಗಿ ನಮ್ಮ ನಾಡಿಗೆ ಬಂದದ್ದೇ ಆ ಪೂರ್ವ ಆಫ್ರಿಕಾದ ಕಡೆಯಿಂದ, ಸಾವಿರಾರು ವರ್ಷದ ಹಿಂದೆ. ಹೊರಡುವಾಗ ಹುಡುಗಿ ರಸ್ತೆಯವರೆಗೆ ಬಂದಳು. ಅರ್ಧ ಗಂಟೆ ನಡೆದೆವು. ಶಾಲೆಯ ವಿಷಯ ಮಾತಾಡಿದೆವು, ಅಷ್ಟೇ.

ಸತ್ತವರಿಗೂ ಹೇಳಿ ಬನ್ನಿ. ನಮ್ಮ ಕಾನ್ವೆಂಟಿನ ಹಿಂದೆ ಒಬ್ಬ ಹಿರಿಯ ಸಿಸ್ಟರ್ ಸಮಾಧಿ ಇದೆ. ಕೇರಳದವರು. ಅಲ್ಲೇ ತೀರಿಕೊಂಡರು, ಅಲ್ಲೇ ಮಣ್ಣಾದರು. ಕೊನೆಯ ವಾರ ಸಮಾಧಿ ತೊಳೆದು ಸುಣ್ಣ ಬಳಿದೆ. ಇನ್ನು ಮುಂದೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ ಗೊತ್ತು ಮಾಡಿಕೊಂಡೆ.

ಕೊಟ್ಟದ್ದನ್ನು ತೆಗೆದುಕೊಳ್ಳಿ

ಸೇವೆಗೆ ಹೋದವರಿಗೆ ಕೊಟ್ಟು ಕೊಟ್ಟು ಅಭ್ಯಾಸ. ತೆಗೆದುಕೊಳ್ಳೋಕೆ ಬರುವುದಿಲ್ಲ. ಬೀಳ್ಕೊಡುಗೆಯ ದಿನ ಅದನ್ನು ಕಲಿಯಲೇಬೇಕು.

ನಾನು ಮೊದಲು ‘ಏನೂ ಬೇಡ, ಮಳೆ ಕೈಕೊಟ್ಟ ಊರು, ಖರ್ಚು ಮಾಡಬೇಡಿ’ ಅಂದೆ. ಕಿಟುಯಿ ನಮ್ಮ ಚಳ್ಳಕೆರೆ, ಹಿರಿಯೂರಿನ ಹಾಗೆ. ಕೆಂಪು ಮಣ್ಣು, ಮುಳ್ಳು ಗಿಡ, ವರ್ಷದ ಬಹುಪಾಲು ಬರೀ ಮರಳಿರುವ ಹಳ್ಳಗಳು. ಹೆಸರುಕಾಳು, ತೊಗರಿ, ಅಲಸಂದೆ, ಮೆಕ್ಕೆಜೋಳ ಬೆಳೆಯುತ್ತಾರೆ. ಒಂದು ಮಳೆ ತಪ್ಪಿದರೆ ವರ್ಷವೇ ಹೋಯಿತು. ಅದಕ್ಕೇ ಬೇಡ ಅಂದೆ. ಆಗ ಮಹಿಳಾ ಸಂಘದ ಹಿರಿಯಾಕೆ ಒಬ್ಬಳು ಕಾನ್ವೆಂಟಿಗೆ ಬಂದು ಹೇಳಿದಳು: ‘ಸಿಸ್ಟ, ಇಷ್ಟು ವರ್ಷ ನಿನ್ನ ಕೈ ಮೇಲಿತ್ತು. ಒಂದು ದಿನ ನಮ್ಮ ಕೈ ಮೇಲಿರಲಿ.’ ಆಮೇಲೆ ನಾನು ಬೇಡ ಅನ್ನಲಿಲ್ಲ.

ಆ ಭಾನುವಾರದ ಪೂಜೆ ಮೂರು ಗಂಟೆ ನಡೆಯಿತು. ಕಾಣಿಕೆಯ ಹೊತ್ತಿಗೆ ಡ್ರಮ್ ಹೊಡೆದುಕೊಂಡು, ಕುಣಿದುಕೊಂಡು ಪೀಠದ ಕಡೆ ಬಂದರು. ಕಾಲು ಕಟ್ಟಿದ ಕೋಳಿಗಳು, ಬಾಳೆಗೊನೆ, ಹೆಸರುಕಾಳಿನ ಚೀಲ. ಹೆಂಗಸರು ನಾಲಿಗೆ ಆಡಿಸಿ ಊಳಿಡುವ ಹಾಗೆ ಕೂಗುತ್ತಾರೆ. ಸಂತೋಷದ ಕೂಗು ಅದು. ಪೂಜೆ ಮುಗಿದ ಮೇಲೆ ನನ್ನನ್ನು ಮಧ್ಯದಲ್ಲಿ ನಿಲ್ಲಿಸಿ ಸೊಂಟಕ್ಕೊಂದು, ಹೆಗಲಿಗೊಂದು ಲೆಸೊ ಸುತ್ತಿದರು. ಲೆಸೊ ಅಂದರೆ ಅಂಚಿರುವ ಬಣ್ಣದ ಹತ್ತಿ ಬಟ್ಟೆ. ಅದರ ಮೇಲೆ ಒಂದು ಮಾತು ಅಚ್ಚು ಹಾಕಿರುತ್ತಾರೆ. ಕೊಡುವವರು ಆ ಮಾತನ್ನು ಆರಿಸಿಯೇ ತರುತ್ತಾರೆ. ಅದಕ್ಕೆ ಮೊದಲು ಓದಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ, ಆಮೇಲೆ ‘ಅಸಾಂತೆ’, ಅಂದರೆ ವಂದನೆ, ಅನ್ನಿ. ಓದದೆ ಮಡಚಿಟ್ಟರೆ ಕಾಗದ ಒಡೆಯದೆ ಇಟ್ಟ ಹಾಗೆ. ನನ್ನದರ ಮೇಲೆ ‘ವೆಮಾ ಹಾವೊಝಿ’ ಅಂತ ಇತ್ತು. ಒಳ್ಳೆಯತನ ಕೊಳೆಯೋದಿಲ್ಲ.

ಲೆಸೊದ ಚುಂಗಿನಲ್ಲಿ ಒಂದು ಹಿಡಿ ಹೆಸರುಕಾಳು ಹಾಕಿ ಗಂಟು ಕಟ್ಟಿದರು. ಅಲ್ಲಿ ನನ್ನ ಕಣ್ಣು ತುಂಬಿ ಬಂತು. 2011ರಲ್ಲಿ ಹರಿಹರದಿಂದ ಹೊರಟಾಗ ಪಕ್ಕದ ಮನೆಯ ಲಿಂಗಾಯತರ ಅಜ್ಜಿ ನನ್ನನ್ನು ಕರೆದು ಉಡಿ ತುಂಬಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು. ‘ಸಿಸ್ಟರ್ ಆದ್ರೇನು, ನಮ್ಮ ಓಣಿ ಮಗಳಲ್ಲೇನು’ ಅಂದಿದ್ದಳು. ನನ್ನ ಬಿಳಿ ಸೀರೆಯ ಸೆರಗಿಗೇ ತುಂಬಿದ್ದಳು. ಎರಡು ಉಡಿಯ ನಡುವೆ ಹದಿಮೂರು ವರ್ಷ.

ಆವತ್ತು ಭಾಷಣ ಉದ್ದ ಮಾಡಬೇಡಿ. ಸಾಧನೆಯ ಪಟ್ಟಿ ಓದಬೇಡಿ. ಇಷ್ಟು ಹೆರಿಗೆ, ಇಷ್ಟು ಬೋರ್‌ವೆಲ್ ಅಂತ ಬೇಡ. ನಾನು ಆಡಿದ್ದು ನಾಲ್ಕೇ ಮಾತು: ‘ತುಮ್ಸಿಫು ಯೇಸು ಕ್ರಿಸ್ತೋ. ಅಸಾಂತೆನಿ ಕ್ವಾ ಕಿಲಾ ಕಿತು. ನವೋಂಬಾ ಮ್ಸಾಮಹಾ. ಕ್ವಾಹೆರಿನಿ.’ ಯೇಸುಕ್ರಿಸ್ತರಿಗೆ ಸ್ತುತಿ, ಎಲ್ಲದಕ್ಕೂ ವಂದನೆ, ಕ್ಷಮೆ ಕೇಳುತ್ತೇನೆ, ಶುಭವಾಗಲಿ. ಆಮೇಲೆ ಹಿರಿಯ ಹೆಂಗಸರು ಕಲಿಸಿಕೊಟ್ಟಿದ್ದ ಕಂಬಾ ಭಾಷೆಯ ಒಂದು ವಾಕ್ಯ. ಸ್ವಾಹಿಲಿಗೆ ತಲೆ ಆಡಿಸಿದವರು ಕಂಬಾ ಮಾತಿಗೆ ಎದ್ದು ನಿಂತರು. ಅವರ ತಾಯಿಮಾತಿನಲ್ಲಿ ಒಂದಾದರೂ ವಾಕ್ಯ ಕಲಿತು ಹೇಳಿ.

ಕೋಳಿ, ಕಾಳು ಏನು ಮಾಡುವುದು? ಅಲ್ಲೇ ಅಡುಗೆ ಮಾಡಿಸಿ ಎಲ್ಲರ ಜೊತೆ ಉಣ್ಣಿ. ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಕೋಳಿ ಸಾರು. ದಾವಣಗೆರೆ ಸೀಮೆಯವರಿಗೆ ಮೆಕ್ಕೆಜೋಳ ಅಂದರೆ ಹೊಲದಲ್ಲಿ ಬೆಳೆದು ಮಾರುವ ಮಾಲು. ಅಲ್ಲಿ ಅದೇ ಊಟ. ಬಿತ್ತನೆ ಬೀಜ, ಕಾಳು ಪೆಟ್ಟಿಗೆಯಲ್ಲಿ ತರಬೇಡಿ. ಪರವಾನಗಿ ಇಲ್ಲದೆ ಬೀಜ ಭಾರತದೊಳಗೆ ತರುವ ಹಾಗಿಲ್ಲ. ನನ್ನ ಉಡಿಯ ಹೆಸರುಕಾಳನ್ನು ಕಾನ್ವೆಂಟಿನ ಹಿತ್ತಲಲ್ಲೇ ಬಿತ್ತಿ ಬಂದೆ.

ಸಾಮಾನು, ಕಾಗದ, ದುಡ್ಡು

ಇದನ್ನು ಬೇಗ ಹೇಳಿಬಿಡುತ್ತೇನೆ.

ನಿಮ್ಮ ಸಾಮಾನನ್ನು ಕೊನೆಯ ದಿನ ಎಲ್ಲರ ಮುಂದೆ ಹಂಚಬೇಡಿ. ಒಂದು ಸ್ವೆಟರಿಗೆ ಎರಡು ಮನೆ ಮಾತು ಬಿಡುತ್ತವೆ. ತಿಂಗಳ ಮುಂಚೆ ಒಬ್ಬೊಬ್ಬರಿಗೆ ಸದ್ದಿಲ್ಲದೆ ಕೊಡಿ, ಉಳಿದದ್ದು ಕಾನ್ವೆಂಟಿಗೆ. ದುಡ್ಡು ಯಾರಿಗೂ ಕೈಯಲ್ಲಿ ಕೊಡಬೇಡಿ. ಅಂಗಡಿ ಬಾಕಿ, ಸಂಘದ ಕಂತು ಎಲ್ಲ ತೀರಿಸಿ. ಕೀನ್ಯಾದಲ್ಲಿ 2007ರಿಂದ ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಇದೆ. ಊರಿನ ಸಣ್ಣ ಅಂಗಡಿಯ ಲೆಕ್ಕವೂ ಅದರಲ್ಲೇ. ಸಿಮ್ ಬಿಡುವ ಮುಂಚೆ ಅದರಲ್ಲಿ ಉಳಿದದ್ದನ್ನು ತೆಗೆದು ಖಾತೆ ಮುಚ್ಚಿಸಿ.

ಹಳದಿ ಜ್ವರದ ಲಸಿಕೆಯ ಕಾರ್ಡ್ ಕೈಚೀಲದಲ್ಲಿ ಇರಲಿ. ಕೀನ್ಯಾದಿಂದ ಬರುವವರ ಹತ್ತಿರ ಅದು ಇಲ್ಲದಿದ್ದರೆ ಇಲ್ಲಿ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ನನ್ನ ಹಳೇ ಕಾರ್ಡಿನಲ್ಲಿ ಹತ್ತು ವರ್ಷದ ಅವಧಿ ಬರೆದಿತ್ತು, ಅದು ಮುಗಿದಿತ್ತು. ಗಾಬರಿ ಆಗಬೇಡಿ. 2016ರಿಂದ ಒಂದು ಸಲದ ಲಸಿಕೆ ಜೀವನಪೂರ್ತಿಗೆ ಅಂತ ನಿಯಮ ಬದಲಾಗಿದೆ. ಹಳೇ ಕಾರ್ಡಿಗೂ ಅದೇ.

ಉಡುಗೊರೆಗಳನ್ನು ಪ್ಲಾಸ್ಟಿಕ್ ಕವರಿಗೆ ತುಂಬಬೇಡಿ. 2017ರ ಆಗಸ್ಟಿನಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ, ದಂಡ ದೊಡ್ಡದು. ಕತ್ತಾಳೆ ನಾರಿನ ಕಿಯೊಂಡೊ ಬುಟ್ಟಿ ಕೊಟ್ಟೇ ಕೊಡುತ್ತಾರೆ. ಅದರಲ್ಲೇ ತುಂಬಿ. ದಂತ, ಕಾಡುಪ್ರಾಣಿಯ ಚರ್ಮದ ವಸ್ತು ಯಾರು ಕೊಟ್ಟರೂ ಕೈ ಮುಗಿದು ವಾಪಸ್ ಕೊಡಿ.

ವಿಮಾನಕ್ಕೆ ಎರಡು ದಿನ ಮುಂಚೆಯೇ ನೈರೋಬಿಯಲ್ಲಿರಿ. 2023ರ ಕೊನೆಯ ಮಳೆಗಾಲದಲ್ಲಿ ಕೀನ್ಯಾ ತುಂಬ ಪ್ರವಾಹ. ವರ್ಷವೆಲ್ಲ ಮರಳಿದ್ದ ನಮ್ಮೂರ ಹಳ್ಳ ಒಂದು ರಾತ್ರಿಯಲ್ಲಿ ತುಂಬಿ ಹರಿಯಿತು. ಒಂದು ದಿನ ಕಾಯಬೇಕಾಯಿತು.

ಕೊನೆಯ ದಿನ ನಡೆಯಿರಿ

ಕಾನ್ವೆಂಟಿನ ಬಾಗಿಲಲ್ಲೇ ಗಾಡಿ ಹತ್ತಬೇಡಿ. ಗಾಡಿಯನ್ನು ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ. ಅಲ್ಲಿಯವರೆಗೆ ನಡೆಯಿರಿ. ಅತಿಥಿಯನ್ನು ಸ್ವಲ್ಪ ದೂರ ಜೊತೆಗೆ ನಡೆದು ಕಳಿಸಿಕೊಡುವುದಕ್ಕೆ ಸ್ವಾಹಿಲಿಯಲ್ಲಿ ‘ಕುಸಿಂದಿಕಿಝಾ’ ಅಂತ ಒಂದು ಬೇರೆ ಮಾತೇ ಇದೆ. ಆ ನಡಿಗೆ ಅವರದು. ಬಾಗಿಲಲ್ಲೇ ಗಾಡಿ ಹತ್ತಿದರೆ ಅದನ್ನು ಅವರಿಂದ ಕಿತ್ತುಕೊಂಡ ಹಾಗೆ.

ಚೀಲಗಳನ್ನು ಅವರು ಹೊರುತ್ತಾರೆ. ಹೊರಲಿ. ನಡೆಯುವಾಗ ಒಬ್ಬೊಬ್ಬರಾಗಿ ಪಕ್ಕಕ್ಕೆ ಬಂದು ಒಂದೊಂದು ಮಾತು ಹೇಳಿ ಹಿಂದೆ ಸರಿಯುತ್ತಾರೆ. ಮುಖ ನೋಡಿ ಹೇಳೋಕೆ ಆಗದ ಮಾತು ನಡೆಯುವಾಗ ಬರುತ್ತದೆ. ಎರಡು ವರ್ಷ ಪೂಜೆಗೆ ಬರದಿದ್ದ ಆ ಹಿರಿಯ ಆವತ್ತು ಬಂದಿದ್ದರು. ಏನೂ ಮಾತಾಡಲಿಲ್ಲ. ನನ್ನ ಕಿಯೊಂಡೊ ಹೊತ್ತುಕೊಂಡು ಕೊನೆಯವರೆಗೂ ಬಂದರು. ಕಾವಲುಗಾರ ಗೇಟಿನ ಹತ್ತಿರ ನಿಲ್ಲದೆ ನಮ್ಮ ಜೊತೆಗೇ ಬಂದ. ಅವತ್ತು ಮೊದಲ ಸಲ ಗೇಟು ತೆರೆದೇ ಇತ್ತು.

ಅಳು ಬಂದರೆ ಅತ್ತುಬಿಡಿ. ಆದರೆ ಗಾಡಿ ಹತ್ತಿದ ಮೇಲೆ ಮತ್ತೆ ಇಳಿಯಬೇಡಿ. ಎರಡನೇ ಸಲದ ವಿದಾಯ ಮೊದಲನೆಯದನ್ನು ಕೆಡಿಸುತ್ತದೆ.

ಊರಿಗೆ ಬಂದ ಮೇಲೆ

ಮುಂಬೈ, ಬೆಂಗಳೂರು, ಅಲ್ಲಿಂದ ರೈಲು. ದಾವಣಗೆರೆ ಸ್ಟೇಷನ್ನಿಗೆ ತಮ್ಮ ಬಂದಿದ್ದ. ನೇರವಾಗಿ ಬೆಣ್ಣೆ ದೋಸೆ ತಿನ್ನಿಸಲು ಕರೆದುಕೊಂಡು ಹೋದ. ಎರಡು ದೋಸೆ ತಿಂದೆ. ಮನೆಯಲ್ಲಿ ಅವ್ವ ಬಾಗಿಲಲ್ಲಿ ಕೂತಿದ್ದಳು. ‘ಬಂದ್ಯಾ’ ಅಂದಳು. ಅವಳಿಗೆ ನಾನು ‘ಬರ್ತೀನಿ’ ಅಂತಲೇ ಹೇಳಿ ಹೋಗಿದ್ದೆ.

ಮೊದಲ ಆರು ತಿಂಗಳು ಅಲ್ಲಿಗೆ ನೀವಾಗಿ ಫೋನ್ ಮಾಡುವುದು ಕಡಿಮೆ ಮಾಡಿ. ನಿಮ್ಮ ಜಾಗಕ್ಕೆ ಬಂದ ಸಿಸ್ಟರಿಗೆ ಜಾಗ ಬಿಡಿ. ‘ಹೊಸ ಸಿಸ್ಟ ನಿನ್ನ ಹಾಗಲ್ಲ’ ಅಂತ ಮೆಸೇಜ್ ಬರುತ್ತವೆ. ಖುಷಿ ಆಗುತ್ತದೆ, ನಿಜ. ಆದರೆ ‘ಅವಳನ್ನೇ ಕೇಳು’ ಅಂತಷ್ಟೇ ಉತ್ತರಿಸಿ. ದವಾಖಾನೆಯ ಯಾವ ವಿಷಯಕ್ಕೂ ಇಲ್ಲಿಂದ ಸಲಹೆ ಕೊಡಬೇಡಿ.

ಕೊಟ್ಟ ಮಾತು ಮಾತ್ರ ನಡೆಸಿ. ನಮಗೂ ಕೀನ್ಯಾಕ್ಕೂ ಎರಡೂವರೆ ಗಂಟೆ ವ್ಯತ್ಯಾಸ. ಅಲ್ಲಿ ಬೆಳಿಗ್ಗೆ ಆರಕ್ಕೆ ಪೂಜೆಯ ಗಂಟೆ ಹೊಡೆಯುವಾಗ ಇಲ್ಲಿ ಎಂಟೂವರೆ. ಆ ಹೊತ್ತಿಗೆ ಎಲ್ಲಿದ್ದರೂ ನಾನು ಹೆಸರುಗಳನ್ನು ಹೇಳುತ್ತೇನೆ. ಐದು ಮಕ್ಕಳು, ಆ ಹುಡುಗಿ, ಅವಳ ಅಜ್ಜಿ, ಏಳನೆಯ ಮನೆಯವರು. ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಹಬ್ಬಕ್ಕೆ ಹರಿಹರದಲ್ಲಿ ಅವರ ಹೆಸರಿನಲ್ಲಿ ಮೇಣದ ಬತ್ತಿ ಹಚ್ಚುತ್ತೇನೆ.

ಅವರು ಕೊಟ್ಟದ್ದನ್ನು ಟ್ರಂಕಿನಲ್ಲಿ ಇಟ್ಟು ಬೀಗ ಹಾಕಬೇಡಿ, ಬಳಸಿ. ನನ್ನ ಕಿಯೊಂಡೊ ದಿನಾ ತರಕಾರಿಗೆ ಹೋಗುತ್ತದೆ. ಲೆಸೊ ಒಂದು ಅವ್ವನ ಹೊದಿಕೆ, ಇನ್ನೊಂದು ನನ್ನದು. ಮೊದಲ ಸಲ ಒಗೆಯುವಾಗ ಉಪ್ಪು ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ. ಬಿಳಿ ಬಟ್ಟೆಯ ಜೊತೆ ಹಾಕಬೇಡಿ, ಬಣ್ಣ ಬಿಡುತ್ತದೆ.